ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್: ಟೈರ್ ಆಮೇಲೆ ನೋಡಿ, ಮೊದಲು ಆರ್‌ಸಿ ನೋಡಿ

ಹಳೇ ಟ್ರ್ಯಾಕ್ಟರ್ ತಗೊಳ್ಳೋದು ಅವಮಾನದ ವಿಷಯ ಅಲ್ಲ. ಮೂರು-ನಾಲ್ಕು ಎಕರೆ ಇರೋರು ಹೊಸ ಗಾಡಿಗೆ ಸಾಲ ಮಾಡಿ ವರ್ಷಗಟ್ಟಲೆ ಕಂತು ಕಟ್ಟೋದಕ್ಕಿಂತ, ಚೆನ್ನಾಗಿ ನೋಡಿಕೊಂಡಿರೋ ಹಳೇ ಗಾಡಿ ತಗೊಳ್ಳೋದೇ ಜಾಣತನ. ತೋಟಗಾರಿಕೆ ಓದಿ ಸಾವಯವ ಕೃಷಿಗೆ ಇಳಿದವನಾಗಿ ಇದು ನನ್ನ ಖಚಿತ ಅಭಿಪ್ರಾಯ.

ನನ್ನ ತಕರಾರು ಇರೋದು ನಾವು ವ್ಯಾಪಾರ ಮಾಡೋ ರೀತಿ ಬಗ್ಗೆ. ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಬರುತ್ತೆ. ಪೇಂಟ್ ಮಿಂಚುತ್ತಾ ಇದೆ, ಟೈರ್ ಹೊಸದು. ತಕ್ಷಣ ಫೋನ್‌ನಲ್ಲೇ ಅಡ್ವಾನ್ಸ್ ಹಾಕಿಬಿಡ್ತೀವಿ. ಆರ್‌ಸಿ ಕೇಳಿದ್ರೆ, "ಆಮೇಲೆ ಮಾಡಿಸಿಕೊಂಡ್ರಾಯ್ತು ಬಿಡಣ್ಣ" ಅಂತಾರೆ. ಎಷ್ಟೋ ಗಾಡಿಗಳ ವಿಷಯದಲ್ಲಿ ಆ "ಆಮೇಲೆ" ಬರೋದೇ ಇಲ್ಲ.

ಛಾಪಾ ಕಾಗದ ಸಾಕಾಗಲ್ಲ

ಛಾಪಾ ಕಾಗದದಲ್ಲಿ ಕರಾರು ಬರೆದು ಇಬ್ಬರು ಸಾಕ್ಷಿ ಸಹಿ ಹಾಕಿದ್ರೆ ಮುಗೀತು ಅಂತ ಹಳ್ಳಿಗಳಲ್ಲಿ ಇನ್ನೂ ನಂಬಿಕೆ ಇದೆ. ಅದು ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ ಆಗಬಹುದು, ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟ ಆದ್ರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಇದಕ್ಕೆ ಬೇಕಾಗಿರೋದು ಫಾರಂ 29 ಮತ್ತು 30. ಗಾಡಿ ಮೇಲೆ ಸಾಲ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ಜೊತೆಗೆ ಫಾರಂ 35 ಬೇಕು. ಬೇರೆ ರಾಜ್ಯದ ಗಾಡಿ ಆದ್ರೆ ಅಲ್ಲಿನ ಆರ್‌ಟಿಒ ಎನ್‌ಒಸಿ, ಅಂದ್ರೆ ಫಾರಂ 28.

ಕಾಗದ ಕೊಳ್ಳೋರ ತಲೆನೋವು, ನಮಗೇನು ಅಂತ ಮಾರೋರು ಅಂದುಕೊಂಡಿದ್ದಾರೆ. ಅದು ತಪ್ಪು. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟ ಆಗಿತ್ತು, ಆದರೆ ಆರ್‌ಸಿ ಮೊದಲ ಮಾಲೀಕರ ಹೆಸರಲ್ಲೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಅವರ ಮೇಲೇ ಬಂತು. ನೀವು ಮಾರಿದ ಟ್ರ್ಯಾಕ್ಟರ್ ನಾಳೆ ಕಬ್ಬಿನ ಲೋಡ್ ಹೊತ್ತು ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ, ಇನ್ಶೂರೆನ್ಸೂ ಇಲ್ಲದಿದ್ದರೆ, ನೋಟಿಸ್ ಬರೋದು ನಿಮ್ಮ ಮನೆಗೆ. ಕೊಂಡವರಿಗೂ ಅಪಾಯ ಕಡಿಮೆ ಏನಿಲ್ಲ. ಹಳೇ ಸಾಲ ತೀರದೆ ಇದ್ರೆ, ಪೂರ್ತಿ ದುಡ್ಡು ಕೊಟ್ಟಮೇಲೂ ಫೈನಾನ್ಸ್‌ನವರು ಬಂದು ಗಾಡಿ ಎಳೆದುಕೊಂಡು ಹೋಗಬಹುದು.

ಫೋನ್ ಕೈಯಲ್ಲೇ ಇದೆಯಲ್ಲ, ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರೋದಕ್ಕೆ ತಾಳೆ ಆಗುತ್ತಾ ಅಂತ ಗಾಡಿ ಹತ್ತಿರವೇ ನಿಂತು ಪರೀಕ್ಷೆ ಮಾಡಿ. ಸಬ್ಸಿಡಿಯಲ್ಲಿ ಬಂದ ಯಂತ್ರ ಆದ್ರೆ, ಮಾರೋಕೆ ಷರತ್ತು ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ತಣ್ಣಗಿರೋ ಎಂಜಿನ್ ಸುಳ್ಳು ಹೇಳಲ್ಲ

ಕಾಗದ ಸರಿ ಇದ್ರೆ ಆಮೇಲೆ ಗಾಡಿ. ನಂಬಿಕೆಯ ಮೆಕ್ಯಾನಿಕ್ ಜೊತೆಗಿರಲಿ.

- ನಾವು ಬರೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ ಹೋಗಿ. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದರಲ್ಲೇ ಅರ್ಧ ಕಥೆ ಗೊತ್ತಾಗುತ್ತೆ.
- ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರ್ತಿದ್ರೆ ಆಯಿಲ್ ಉರೀತಿದೆ ಅಂತ ಅರ್ಥ.
- ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಥರ ಕಂಡ್ರೆ ನೀರು ಸೇರಿದೆ.
- ರೋಟವೇಟರ್ ಎತ್ತಿ ಎಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ಸರಸರ ಇಳಿದ್ರೆ ಹೈಡ್ರಾಲಿಕ್ ಖರ್ಚು ಕಾದಿದೆ.
- ಅವರ್ ಮೀಟರ್ ಕಡಿಮೆ ತೋರಿಸ್ತಿದೆ, ಕ್ಲಚ್ ಪೆಡಲ್ ಮಾತ್ರ ಸವೆದು ನುಣ್ಣಗಾಗಿದೆ ಅಂದ್ರೆ ಪೆಡಲ್ಲನ್ನೇ ನಂಬಿ.

ಸಾವಯವ ಮಾಡೋರಿಗೆ ಒಂದು ಮಾತು. ಟ್ರ್ಯಾಕ್ಟರ್ ಹಳೇದಾದರೆ ಪರವಾಗಿಲ್ಲ, ಸ್ಪ್ರೇಯರ್ ಮಾತ್ರ ಹಳೇದು ಬೇಡ. ಕಳೆನಾಶಕ ಹೊಡೆದ ಟ್ಯಾಂಕ್, ಪೈಪು, ನಾಜಲ್‌ಗಳಲ್ಲಿ ಅಂಶ ಉಳಿದುಕೊಳ್ಳುತ್ತೆ. ಅದರಲ್ಲೂ 2,4-ಡಿ ಸುಲಭಕ್ಕೆ ತೊಳೆದು ಹೋಗಲ್ಲ. ಅದರ ಸ್ವಲ್ಪ ಅಂಶವೇ ಟೊಮೆಟೊ, ದ್ರಾಕ್ಷಿ ಎಲೆಗಳನ್ನು ಮುರುಟಿಸೋಕೆ ಸಾಕು. ಉಳಿಸಿದ ದುಡ್ಡಿಗಿಂತ ಹಾಳಾಗೋ ಬೆಳೆ ದೊಡ್ಡದು.

ಇನ್ನು, ನಿಮಗೆ ವರ್ಷಕ್ಕೆ ಎಂಟು-ಹತ್ತು ದಿನದ ಕೆಲಸ ಅಷ್ಟೇ ಇದ್ರೆ ಗಾಡಿ ಕೊಳ್ಳಲೇಬೇಡಿ. ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತನ್ನಿ.

ಕೊಳ್ಳೋದೇ ಆದ್ರೆ ಒಂದು ನಿಯಮ ಇಟ್ಟುಕೊಳ್ಳಿ: ಒಂದಷ್ಟು ದುಡ್ಡು ಕೈಯಲ್ಲಿ ಉಳಿಸಿಕೊಂಡು, ಹೆಸರು ವರ್ಗಾವಣೆ ಆದ ದಿನವೇ ಕೊಡ್ತೀನಿ ಅಂತ ಕರಾರಿನಲ್ಲೇ ಬರೆಸಿ. ಇದಕ್ಕೆ ಬೇಜಾರು ಮಾಡಿಕೊಂಡು "ನಂಬಿಕೆ ಇಲ್ವಾ?" ಅಂತ ಕೇಳಿದ್ರೆ, "ನಿಮ್ಮ ಮೇಲೆ ನಂಬಿಕೆ ಇದೆ ಅಣ್ಣ, ಇದು ನಿಮಗೂ ಒಳ್ಳೇದೇ" ಅನ್ನಿ. ಆಗಲೂ ಒಪ್ಪಲಿಲ್ಲ ಅಂದ್ರೆ, ಕೊಟ್ಟ ಟೀ ಕುಡಿದು ಎದ್ದು ಬನ್ನಿ. ಹಳೇ ಟ್ರ್ಯಾಕ್ಟರ್‌ಗೇನೂ ನಮ್ಮ ಕಡೆ ಬರ ಬಂದಿಲ್ಲ.