ಮೆಷಿನ್ ನಡುಗಿದರೆ ಮೈ ಕರಗೀತೇ?

ನಮ್ಮ ಮನೆಗಳಿಗೆ ಈಗ ಹೊಸ ಸಾಮಾನೊಂದು ಬರತೊಡಗಿದೆ. ನೋಡಲು ತೂಕ ನೋಡುವ ಮೆಷಿನಿನ ಹಾಗೆ, ಗಾತ್ರದಲ್ಲಿ ಅದಕ್ಕಿಂತ ದೊಡ್ಡದು. ಮೇಲೆ ನಿಂತು ಸ್ವಿಚ್ ಹಾಕಿದರೆ ಗಡಗಡ ನಡುಗುತ್ತದೆ. ದಿನಕ್ಕೆ 10 ನಿಮಿಷ ನಿಂತರೆ ಸಾಕು, ಹೊಟ್ಟೆ ಇಳಿಯುತ್ತದೆ, ಶುಗರ್ ಹತೋಟಿಗೆ ಬರುತ್ತದೆ, ಗಂಟುನೋವು ಹೋಗುತ್ತದೆ ಎಂಬ ವೀಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿವೆ. ಗಲ್ಫ್‌ನಲ್ಲಿರುವ ಮಗ ಅಲ್ಲಿಂದಲೇ ಉಮ್ಮನಿಗಾಗಿ ಆರ್ಡರ್ ಮಾಡುತ್ತಾನೆ. ಹತ್ತು, ಹದಿನೈದು ಸಾವಿರ ರೂಪಾಯಿ ಕೊಟ್ಟು ಇದನ್ನು ತರಿಸಬೇಕಾ ಎಂಬುದು ಹಲವು ಮನೆಗಳಲ್ಲಿ ಕೇಳಿಬರುವ ಪ್ರಶ್ನೆ.

ಮೆಷಿನ್ ಪೂರಾ ಮೋಸ ಎನ್ನುವುದು ಸರಿಯಲ್ಲ. ಇಂಥ ಹಲಗೆಗಳು ಸೆಕೆಂಡಿಗೆ 20ರಿಂದ 50 ಸಲ ಕಂಪಿಸುವಾಗ ಕಾಲಿನ ಸ್ನಾಯುಗಳು ತಮ್ಮಷ್ಟಕ್ಕೆ ಬಿಗಿದು ಸಡಿಲವಾಗುತ್ತವೆ. ವಯಸ್ಸಾದವರಿಗೆ, ಬೇರೆ ವ್ಯಾಯಾಮ ಮಾಡಲು ಆಗದವರಿಗೆ ಫಿಸಿಯೋಥೆರಪಿಸ್ಟ್ ಹತ್ತಿರ ನಿಂತು ಮಾಡಿಸಿದರೆ ಕಾಲಿನ ಬಲ ಸ್ವಲ್ಪ ಸುಧಾರಿಸಿದ್ದುಂಟು. ಆದರೆ ತೂಕದ ವಿಷಯ ಬೇರೆ. ಸುಮ್ಮನೆ ನಿಂತಾಗ ಖರ್ಚಾಗುವುದಕ್ಕಿಂತ ಅಲ್ಪಸ್ವಲ್ಪ ಹೆಚ್ಚು ಶಕ್ತಿ ಖರ್ಚಾಗಬಹುದು, ಅಷ್ಟೆ. ನಡೆಯದೆ, ಊಟದ ಬಟ್ಟಲು ಕಿರಿದು ಮಾಡದೆ, ಬರೇ ನಿಂತು ತೂಕ ಇಳಿಯುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಮಧ್ಯಾಹ್ನ ನೈಚೋರು ಉಂಡು ಸಂಜೆ 10 ನಿಮಿಷ ನಡುಗಿದರೆ ಲೆಕ್ಕ ಸರಿಹೋಗುವುದಿಲ್ಲ.

ಮೂಳೆ ಗಟ್ಟಿಯಾಗುತ್ತದೆ ಎಂಬ ಮಾತಿಗೂ ಒಂದು ಕಥೆ ಉಂಟು. ಅಮೆರಿಕದ ವಿಜ್ಞಾನಿಗಳು ಕುರಿಗಳನ್ನು ದಿನಕ್ಕೆ 20 ನಿಮಿಷದಂತೆ ಒಂದು ವರ್ಷ ಸಣ್ಣಗೆ ಕಂಪಿಸುವ ಹಲಗೆ ಮೇಲೆ ನಿಲ್ಲಿಸಿದಾಗ ತೊಡೆಮೂಳೆಯ ಒಳಭಾಗ ದಟ್ಟವಾಗಿತ್ತು. 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬಳಿಕ ಕೆನಡಾದ ಟೊರೊಂಟೊದಲ್ಲಿ ಮುಟ್ಟು ನಿಂತ 202 ಮಹಿಳೆಯರ ಮೇಲೆ ಒಂದು ವರ್ಷ ಇದೇ ಬಗೆಯ ಪ್ರಯೋಗ ನಡೆಯಿತು. 2011ರಲ್ಲಿ ಬಂದ ಫಲಿತಾಂಶ ನೋಡಿದರೆ, ಹಲಗೆ ಮೇಲೆ ನಿಂತವರ ಮತ್ತು ನಿಲ್ಲದವರ ಮೂಳೆಯ ಸಾಂದ್ರತೆಯಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಕುರಿಗೆ ಆದದ್ದು ಉಮ್ಮನಿಗೂ ಆಗುತ್ತದೆ ಎಂದು ದುಡ್ಡು ಹಾಕುವ ಮೊದಲು ಇದನ್ನು ತಿಳಿದಿರಬೇಕು.

ಇನ್ನು ಜಾಗ್ರತೆಯ ಮಾತು. ಗರ್ಭಿಣಿಯರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಇತ್ತೀಚೆಗೆ ಆಪರೇಶನ್ ಆದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು ಇದರ ಮೇಲೆ ಹತ್ತಬಾರದು. ಸೊಂಟದ ಡಿಸ್ಕ್ ತೊಂದರೆ, ಕಿಡ್ನಿ ಅಥವಾ ಪಿತ್ತಕೋಶದ ಕಲ್ಲು, ಕಣ್ಣಿನ ರೆಟಿನಾ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟುವುದು ಬೇಡ. ಹಳೆಯ ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಗಾಯವಾದರೂ ಗೊತ್ತಾಗುವುದಿಲ್ಲ, ಆಯ ತಪ್ಪಿ ಬೀಳುವ ಭಯವೂ ಉಂಟು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹ ಇದೆ. ಶುಗರ್ ಮಾತ್ರೆ ಇಲ್ಲದ ಮನೆ ನಮ್ಮಲ್ಲಿ ಎಷ್ಟುಂಟು? ಮೆಷಿನ್ ಬಂತೆಂದು ಮಾತ್ರೆ ಬಿಟ್ಟರೆ ಅಥವಾ ಇದ್ದ ನಡಿಗೆಯನ್ನೂ ನಿಲ್ಲಿಸಿದರೆ ನಷ್ಟ ದುಡ್ಡಿಗೆ ಮಾತ್ರ ಅಲ್ಲ. ಮಧುಮೇಹ, ಬೊಜ್ಜು ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ ಎಂಬುದೂ ನೆನಪಿರಲಿ.

ಹಾಗಾದರೆ ನಮ್ಮ ಹೆಂಗಸರಿಗೆ ಈ ಮೆಷಿನ್ ಯಾಕೆ ಇಷ್ಟು ಹಿಡಿಸುತ್ತದೆ? ಉತ್ತರ ಸುಲಭ. ಗಂಡಸರಿಗೆ ಕದ್ರಿ ಪಾರ್ಕ್ ಉಂಟು, ಮಂಗಳಾ ಸ್ಟೇಡಿಯಂ ಉಂಟು, ಪಣಂಬೂರಿನ ಮರಳು ಉಂಟು. ಕುದ್ರೋಳಿ, ಬಂದರ್, ಕಂಕನಾಡಿಯ ಫ್ಲ್ಯಾಟಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಅಡುಗೆಮನೆಯಲ್ಲಿರುವ ಹೆಂಗಸಿಗೆ ಎಂತ ಉಂಟು? ನಡೆಯಲು ಹೊರಟರೆ ನೋಡುವವರ ಕಣ್ಣು, ಕೇಳುವವರ ಬಾಯಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಬಾಗಿಲು ಹಾಕಿಕೊಂಡು, ಯಾರಿಗೂ ಕಾಣದೆ ಮೈ ಆಡಿಸುವ ದಾರಿ ಎಂದು ಮೆಷಿನ್ ಮಾರುವವರು ಹೇಳಿದಾಗ ಆಕೆಗೆ ಅದು ಆಸೆ ಹುಟ್ಟಿಸದೆ ಇರುತ್ತದೆಯೇ? ಆಸೆ ತಪ್ಪಲ್ಲ. ಮಾರುವವರಿಗೆ ಅರ್ಥವಾದ ಆಕೆಯ ಕಷ್ಟ ಮನೆಯವರಿಗೂ ಅರ್ಥವಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟೇ: ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಬೀಸು ನಡಿಗೆಯಂಥ ವ್ಯಾಯಾಮ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಬೇಕು. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಅಸರ್ ಬಳಿಕ ಟೆರೇಸಿನಲ್ಲಿ ನಡೆಯಬಹುದು. ಮಳೆ ಬಂದರೆ ಫ್ಲ್ಯಾಟಿನ ಕಾರಿಡಾರ್, ಮೆಟ್ಟಿಲು ಉಂಟು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೆ ತೊಡೆಗೆ ಬಲ. ಗೋಡೆಗೆ ಅಂಗೈ ಕೊಟ್ಟು ಹತ್ತು ಸಲ ಒತ್ತಿದರೆ ತೋಳಿಗೆ ಬಲ. ಇದಕ್ಕೆ ಖರ್ಚು ಒಂದು ಜೊತೆ ಒಳ್ಳೆಯ ಶೂ ಮಾತ್ರ.

ಆದರೆ ಆ ಅರ್ಧ ಗಂಟೆ ಆಕೆಗೆ ಸಿಗಬೇಕಲ್ಲ? ಅಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳುವುದು, ಚಾ ಮಾಡಿಕೊಳ್ಳುವುದು ಮನೆಯ ಗಂಡಸರಿಂದ ಆಗದ ಕೆಲಸವೇನಲ್ಲ. ಜಮಾಅತ್ ಕಮಿಟಿಗಳಿಗೂ ನಮ್ಮದೊಂದು ಮನವಿ ಉಂಟು. ಮದುವೆ ಇಲ್ಲದ ದಿನ ನಮ್ಮ ಹಾಲ್‌ಗಳು ಬೀಗ ಹಾಕಿಕೊಂಡಿರುತ್ತವೆ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಹೆಂಗಸರಿಗೆಂದೇ ತೆರೆದು, ಒಬ್ಬ ಮಹಿಳಾ ಫಿಸಿಯೋಥೆರಪಿಸ್ಟನ್ನು ಕರೆಸಿದರೆ ಹೇಗೆ? ಇಂಥ ಒಂದೊಂದು ಮೆಷಿನಿನ ದುಡ್ಡನ್ನು ಐದಾರು ಮನೆಯವರು ಒಟ್ಟು ಹಾಕಿದರೆ ಅದರ ಖರ್ಚಿಗೆ ದಾರಿ ಆದೀತು.

ನಮ್ಮ ಅಭಿಪ್ರಾಯ ಇಷ್ಟು: ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಬೇಕೆಂದು ಹೇಳಿದ್ದರೆ ಮೆಷಿನ್ ತನ್ನಿ. ತೂಕ ಇಳಿಸಲಿಕ್ಕೆ, ಶುಗರ್ ಇಳಿಸಲಿಕ್ಕೆ ಎಂದಾದರೆ ಬೇಡ. ಗಲ್ಫ್‌ನಲ್ಲಿರುವ ಮಕ್ಕಳು ಉಮ್ಮನಿಗೆ ಫೋನ್ ಮಾಡುವಾಗ ಮೆಷಿನ್ ಬೇಕಾ ಎಂದು ಕೇಳುವ ಬದಲು, ಇವತ್ತು ಎಷ್ಟು ನಡೆದಿರಿ ಎಂದು ಕೇಳಲಿ.