ಪರದೆಯ ಮೇಲೆ ಕೈಕಸುಬು ಹುಟ್ಟುವುದಿಲ್ಲ

ವೃತ್ತಿಶಿಕ್ಷಣದ ಕುರಿತು ಮಾತನಾಡುವವರು ಇಂದು ‘ಮಿಶ್ರ ಕಲಿಕೆ’ ಎಂಬ ಪದವನ್ನು ಮಂತ್ರದಂತೆ ಪಠಿಸುತ್ತಿದ್ದಾರೆ. ಪಾಠದ ಒಂದು ಭಾಗ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ, ಉಳಿದ ಭಾಗ ಶಿಕ್ಷಕರ ಸಮ್ಮುಖದಲ್ಲಿ ನಡೆಯಬೇಕೆಂಬುದೇ ಇದರ ತಿರುಳು. ಈ ಪದ್ಧತಿಯನ್ನು ನಾವು ವಿರೋಧಿಸುವುದಿಲ್ಲ. ಆದರೆ ಅದರ ಹೆಸರಿನಲ್ಲಿ ವರ್ಕ್‌ಶಾಪಿಗೆ ಬೀಗ ಜಡಿಯುವ ಮನೋಭಾವವನ್ನು ವಿರೋಧಿಸದೆ ಇರಲಾರೆವು.

ಮಿಶ್ರ ಕಲಿಕೆಯಿಂದ ವಿದ್ಯಾರ್ಥಿಗಳ ಸಾಧನೆ ಹೆಚ್ಚುತ್ತದೆ ಎನ್ನುವವರಿಗೆ ಅಮೆರಿಕದ ಶಿಕ್ಷಣ ಇಲಾಖೆಯ 2010ರ ವರದಿಯೊಂದು ದೊಡ್ಡ ಆಧಾರವಾಗಿದೆ. ಬರೀ ಮುಖಾಮುಖಿ ಪಾಠಕ್ಕಿಂತ ಮಿಶ್ರ ಕಲಿಕೆ ಮೇಲು ಎಂದು ಅದು ಹೇಳಿದ್ದು ನಿಜ. ಆದರೆ ಅದೇ ವರದಿ ನೀಡಿದ ಎಚ್ಚರಿಕೆಯನ್ನು ಯಾರೂ ಎತ್ತಿ ಹೇಳುವುದಿಲ್ಲ. ಮಿಶ್ರ ತರಗತಿಗಳಲ್ಲಿ ಕಲಿಯುವವರಿಗೆ ಅನೇಕ ವೇಳೆ ಹೆಚ್ಚಿನ ಸಮಯ ಮತ್ತು ಹೆಚ್ಚಿನ ಪಾಠಸಾಮಗ್ರಿ ದೊರೆತಿತ್ತು. ಆದ್ದರಿಂದ ಯಶಸ್ಸಿನ ಶ್ರೇಯವನ್ನು ಪರದೆಗೆ ಮಾತ್ರ ಕಟ್ಟುವಂತಿಲ್ಲ. ಮೇಲಾಗಿ, ಅದು ಪರಿಗಣಿಸಿದ 50 ಹೋಲಿಕೆಗಳ ಪೈಕಿ ಶಾಲಾ ಮಕ್ಕಳಿಗೆ ಸಂಬಂಧಿಸಿದವು ಕೇವಲ 7.

ವಿದ್ಯುತ್ ಮಂಡಲದ ನಕ್ಷೆ, ಉಪಕರಣಗಳ ಹೆಸರು, ಸುರಕ್ಷತೆಯ ನಿಯಮ, ಇವನ್ನೆಲ್ಲ ವಿಡಿಯೊ ಚೆನ್ನಾಗಿ ಕಲಿಸಬಲ್ಲದು. ಅರ್ಥವಾಗದಿದ್ದರೆ ಹತ್ತು ಬಾರಿ ನೋಡಬಹುದು. ಆದರೆ ವೆಲ್ಡಿಂಗ್ ಕಡ್ಡಿಯನ್ನು ಯಾವ ಕೋನದಲ್ಲಿ, ಯಾವ ವೇಗದಲ್ಲಿ ಸರಿಸಬೇಕೆಂಬುದು ಕೈಗೆ ಬರುವುದು ಕೆಟ್ಟ ಬೆಸುಗೆಗಳನ್ನು ಹಾಕಿ, ಗುರುವಿನಿಂದ ತಿದ್ದಿಸಿಕೊಂಡಾಗ ಮಾತ್ರ. ಸಿದ್ಧಾಂತ ಪರದೆಗೆ ಹೋದುದರಿಂದ ಉಳಿದ ಗಂಟೆಗಳು ಯಂತ್ರದ ಮುಂದೆ ವ್ಯಯವಾದರೆ ಅದು ಮಿಶ್ರ ಕಲಿಕೆ. ಯಂತ್ರವೂ ಇಲ್ಲ, ಗುರುವೂ ಇಲ್ಲ, ವಿಡಿಯೊ ಮಾತ್ರ ಇದೆ ಎಂದಾದರೆ ಅದು ವಂಚನೆ.

2025ರೊಳಗೆ ಶೇ. 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಘೋಷಿಸಿತ್ತು. 14ರಿಂದ 18 ವಯಸ್ಸಿನ ಗ್ರಾಮೀಣ ಯುವಜನರ ಕುರಿತ 2023ರ ಅಸರ್ ಸಮೀಕ್ಷೆಯಲ್ಲಿ ವೃತ್ತಿ ತರಬೇತಿ ಪಡೆಯುತ್ತಿದ್ದವರು ಶೇ. 5.6 ಮಾತ್ರ. ಹಲವು ರಾಜ್ಯಗಳಲ್ಲಿ ಶಾಲೆಗಳ ವೃತ್ತಿ ತರಬೇತುದಾರರು ಖಾಸಗಿ ಸಂಸ್ಥೆಗಳ ಮೂಲಕ ಗುತ್ತಿಗೆಯ ಮೇಲೆ ದುಡಿಯುವವರು. ನಾಳೆ ತನ್ನ ಕೆಲಸ ಉಳಿದೀತೇ ಎಂದು ಅರಿಯದ ಗುರು, ಮಕ್ಕಳ ಭವಿಷ್ಯಕ್ಕೆ ಭರವಸೆ ನೀಡುವುದಾದರೂ ಹೇಗೆ?

ಸರಕಾರವನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಅದೇ ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ. 43.7 ಮಂದಿಗೆ ಸ್ವಂತ ಫೋನ್ ಇತ್ತು; ಹುಡುಗಿಯರಲ್ಲಿ ಶೇ. 19.8 ಮಂದಿಗೆ ಮಾತ್ರ. ಮಗನ ಕೈಗೆ ಫೋನ್ ಕೊಟ್ಟು ಮಗಳಿಗೆ ನಿರಾಕರಿಸುವ ಮನೆಯಲ್ಲಿ ಮಿಶ್ರ ಕಲಿಕೆಯ ಅರ್ಧ ಭಾಗ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಗ್ಯಾರೇಜು, ವಯರಿಂಗ್, ಹೊಲಿಗೆಗಳಿಂದಲೇ ಬದುಕು ಕಟ್ಟಿಕೊಂಡ ನಮ್ಮ ಪಟ್ಟಣಗಳ ಕುಟುಂಬಗಳೂ ವೃತ್ತಿಶಿಕ್ಷಣವನ್ನು ನಪಾಸಾದವರ ಪಾಲೆಂದು ಭಾವಿಸುತ್ತಿರುವುದು ವಿಷಾದನೀಯ.

ಹೆತ್ತವರೇ, ಮುಂದಿನ ಸಭೆಗೆ ಶಾಲೆಗೆ ಹೋದಾಗ ಅಂಕಪಟ್ಟಿಯನ್ನಷ್ಟೇ ನೋಡಿ ಹಿಂದಿರುಗಬೇಡಿ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು? ವಾರಕ್ಕೆ ಎಷ್ಟು ಗಂಟೆ ಕೈಯಾರೆ ಕೆಲಸ? ಕಲಿಸುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೇಳಿರಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.