ಬೀಗ ಹಾಕಿದ್ದರೂ ಸೈಕಲ್ ಹೋದದ್ದು ಹೇಗೆ?

ಕತ್ರಿಗುಪ್ಪೆಯ ನೀರಿನ ಟ್ಯಾಂಕಿನಿಂದ ಸ್ವಲ್ಪ ಆಚೆಗೆ ಒಂದು ಅಡ್ಡರಸ್ತೆ. ಸಂಜೆ ಆರು ಗಂಟೆ. ಮಹಡಿಯ ಮೇಲೆ ಗಣಿತದ ಟ್ಯೂಷನ್ ನಡೆದಿದೆ. ಕೆಳಗೆ ಗೇಟಿನ ಎರಡೂ ಬದಿ ಹತ್ತು ಹನ್ನೆರಡು ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಏಳೂವರೆಗೆ ಪಾಠ ಮುಗಿಸಿ ಇಳಿದು ಬಂದ ಒಂಬತ್ತನೇ ತರಗತಿಯ ಹುಡುಗನಿಗೆ ತನ್ನ ಸೈಕಲ್ ಇದ್ದ ಜಾಗದಲ್ಲಿ ಬರೀ ಗೋಡೆ ಕಂಡಿತು. ಕೀಲಿಕೈ ಮಾತ್ರ ಜೇಬಿನಲ್ಲೇ ಇತ್ತು. ‘ಬೀಗ ಹಾಕಿದ್ದೆ ಕಣೋ’ ಎಂದು ಅವನು ಗೆಳೆಯರಿಗೆ ಹೇಳಿದ್ದು ಸುಳ್ಳಲ್ಲ.

ಮನೆಯಲ್ಲಿ ಹೇಳಿದ್ದು ಮಾತ್ರ ಸುಳ್ಳು. ಪಂಕ್ಚರ್ ಆಗಿದೆ, ಗೆಳೆಯನ ಮನೆಯಲ್ಲಿ ಬಿಟ್ಟು ಬಂದೆ ಎಂದ. ಎರಡು ದಿನ ನಡೆದೇ ಶಾಲೆಗೆ ಹೋದ. ಮೂರನೆಯ ದಿನ ಅಮ್ಮ ಆ ಗೆಳೆಯನ ಮನೆಗೆ ಫೋನ್ ಮಾಡಿದಾಗ ನಿಜ ಹೊರಬಿತ್ತು. ಆಮೇಲೆ ಅಪ್ಪನ ಕೂಗಾಟ, ಮಗನ ಅಳು, ಅಜ್ಜಿಯ ಸಮಾಧಾನ. ಊರಿನ ಬಡಾವಣೆ ಬದಲಾಗಬಹುದು, ಕಥೆ ಹೆಚ್ಚುಕಡಿಮೆ ಇದೇ.

ಹಾಕಿದ್ದ ಬೀಗ ಏನಾಯಿತು? ಹಿಂದಿನ ಚಕ್ರಕ್ಕೆ ಅಡ್ಡಲಾಗಿ ಕಡ್ಡಿ ಸರಿಯುವ ರಿಂಗ್ ಲಾಕ್ ಅದು. ಅಟ್ಲಾಸ್, ಹೀರೋ ಸೈಕಲ್ಲುಗಳ ಕಾಲದಿಂದಲೂ ಎಲ್ಲರೂ ಬಲ್ಲದ್ದು. ಅದು ಚಕ್ರ ತಿರುಗದಂತೆ ತಡೆಯುತ್ತದೆಯೇ ಹೊರತು ಸೈಕಲ್ಲನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಅಟ್ಲಾಸ್ ಸೈಕಲ್ಲನ್ನು ಹೊತ್ತೊಯ್ಯುವುದು ಬೆವರಿಳಿಸುವ ಕೆಲಸವಾಗಿತ್ತು. ಇಂದಿನ ಹಗುರ ಸೈಕಲ್ಲನ್ನು ಒಬ್ಬನೇ ಎತ್ತಿ ಆಟೋದೊಳಗೆ ತುರುಕಬಹುದು. (ಆ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದೇ ವಿಶ್ವ ಸೈಕಲ್ ದಿನ!)

ಇನ್ನು ಅಂಗಡಿಗಳಲ್ಲಿ ತೂಗುಹಾಕಿರುವ ಬಣ್ಣಬಣ್ಣದ ನಂಬರ್ ಲಾಕ್‌ಗಳು. ಮಕ್ಕಳಿಗೆ ಇವುಗಳ ಮೇಲೆ ಬಹಳ ಪ್ರೀತಿ, ಕೀಲಿಕೈ ಕಳೆಯುವ ಭಯವಿಲ್ಲವಲ್ಲ. ಮೂರು ಅಂಕಿಯ ಬೀಗದಲ್ಲಿ ಆಗುವ ಜೋಡಣೆಗಳು ಒಂದು ಸಾವಿರ. ಒಂದೊಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಮೂವತ್ಮೂರು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತವೆ. ಟ್ಯೂಷನ್ ನಡೆಯುವುದು ತೊಂಬತ್ತು ನಿಮಿಷ. ನಾಲ್ಕು ಅಂಕಿಯಾದರೆ ಹತ್ತು ಸಾವಿರ ಜೋಡಣೆ, ಅಂದರೆ ಐದೂವರೆ ಗಂಟೆಗೂ ಹೆಚ್ಚು. ಗಣಿತದ ಮೇಷ್ಟ್ರು ಇದನ್ನೇ ಒಂದು ಲೆಕ್ಕವಾಗಿ ಕೊಡಬಹುದು. ಆದರೆ ಕಳ್ಳ ಲೆಕ್ಕ ಮಾಡುತ್ತಾ ಕೂರುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯೊಳಗಿನ ತೆಳು ತಂತಿಗೆ ಒಂದು ಕಟರ್ ಸಾಕು.

ದಪ್ಪ ಉಕ್ಕಿನ ಯು ಆಕಾರದ ಬೀಗವಾಗಲಿ, ಗಟ್ಟಿ ಸರಪಳಿಯಾಗಲಿ ಕತ್ತರಿಸಲು ಹೊತ್ತು ಹಿಡಿಯುತ್ತದೆ, ಸದ್ದೂ ಆಗುತ್ತದೆ. ಕಳ್ಳನಿಗೆ ಬೇಡವಾದದ್ದು ಈ ಎರಡೇ. ಬೆಲೆ ಹೆಚ್ಚು, ನಿಜ. ಹತ್ತು ಸಾವಿರದ ಸೈಕಲ್ ಕೊಡಿಸುವ ತಂದೆ ಬೀಗದ ಹತ್ತಿರ ಬಂದಾಗ ನೂರು ರೂಪಾಯಿಗೆ ಚೌಕಾಸಿ ಮಾಡುವುದು ವಿಚಿತ್ರವಾದರೂ ಸಾಮಾನ್ಯ ದೃಶ್ಯ.

ಬೀಗ ಎಷ್ಟು ಗಟ್ಟಿಯೋ ಅಷ್ಟೇ ಮುಖ್ಯ ಅದನ್ನು ಎಲ್ಲಿ ಹಾಕುತ್ತೇವೆ ಎಂಬುದು. ಮುಂದಿನ ಚಕ್ರಕ್ಕೆ ಮಾತ್ರ ಹಾಕಿದರೆ, ಕೆಲವು ಗೇರ್ ಸೈಕಲ್ಲುಗಳಲ್ಲಿ ಆ ಚಕ್ರವನ್ನು ಒಂದು ಸನ್ನೆ ತಿರುಗಿಸಿ ಕೈಯಲ್ಲೇ ಬಿಚ್ಚಬಹುದು. ಚಕ್ರ ಬೀಗದೊಂದಿಗೆ ಕಂಬದಲ್ಲಿ ಉಳಿಯುತ್ತದೆ, ಉಳಿದದ್ದು ಹೋಗುತ್ತದೆ. ಬೀಗ ಹಿಂದಿನ ಚಕ್ರವನ್ನೂ ಚೌಕಟ್ಟನ್ನೂ ಒಟ್ಟಿಗೆ ಹಿಡಿದು, ನೆಲದಲ್ಲಿ ಭದ್ರವಾಗಿ ಊರಿದ ಯಾವುದಕ್ಕಾದರೂ ಸುತ್ತಿಕೊಂಡಿರಬೇಕು. ಮನೆಯವರು ಒಪ್ಪಿದರೆ ಕಿಟಕಿಯ ಕಬ್ಬಿಣದ ಸರಳು ಒಳ್ಳೆಯದು. ‘ನೋ ಪಾರ್ಕಿಂಗ್’ ಫಲಕದ ಗಿಡ್ಡ ಕಂಬ ಬೇಡ, ಸೈಕಲ್ಲನ್ನು ಮೇಲಿನಿಂದ ಎತ್ತಿ ತೆಗೆಯಬಹುದು. ಪಾಲಿಕೆಯವರು ನೆಟ್ಟ ಎಳೆಯ ಸಸಿಯೂ ಬೇಡ. ಸಸಿಯೂ ಹೋದೀತು, ಸೈಕಲ್ಲೂ ಹೋದೀತು. ಏನೂ ಸಿಗದಿದ್ದರೆ ಇಬ್ಬರು ಗೆಳೆಯರು ತಮ್ಮ ಸೈಕಲ್ಲುಗಳನ್ನು ಒಂದೇ ಸರಪಳಿಯಲ್ಲಿ ಬಿಗಿಯಲಿ. ಎರಡನ್ನು ಒಟ್ಟಿಗೆ ಹೊರುವುದು ಸುಲಭವಲ್ಲ.

ಟ್ಯೂಷನ್ ನಡೆಸುವವರಿಗೂ ಒಂದು ಮಾತು. ಯಾವ ದಿನ, ಎಷ್ಟು ಹೊತ್ತಿಗೆ ಪಾಠ, ಎಷ್ಟು ಹೊತ್ತು ಯಾರೂ ಕೆಳಗಿಳಿಯುವುದಿಲ್ಲ ಎಂಬುದು ರಸ್ತೆಯಲ್ಲಿ ಎರಡು ದಿನ ಓಡಾಡಿದವರಿಗೆಲ್ಲ ತಿಳಿಯುತ್ತದೆ. ತಿಂಗಳಿಗೆ ಇಷ್ಟೆಂದು ಶುಲ್ಕ ಪಡೆಯುವವರು ಗೋಡೆಗೆ ಒಂದು ಕಬ್ಬಿಣದ ಕೊಳವೆ ಕೂರಿಸಿಕೊಟ್ಟರೆ ದೊಡ್ಡ ಖರ್ಚೇನಲ್ಲ. ಪೋಷಕರು ನಾಲ್ಕು ಜನ ಸೇರಿ ಕೇಳಬೇಕು. ಸೈಕಲ್ ಹೋಗುವುದು ಬೀದಿಯಿಂದ ಮಾತ್ರವೂ ಅಲ್ಲ. ಪರೀಕ್ಷೆಯ ತಿಂಗಳಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹಿಡಿದು ನಿಂತ ಸೈಕಲ್ ಯಾವಾಗ ಹೋಯಿತೆಂದೇ ಮನೆಯವರಿಗೆ ಗೊತ್ತಾಗುವುದಿಲ್ಲ.

ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ತಂದೆ ಮಕ್ಕಳು ಕೂಡಿ ನೋಡಬೇಕು. ಸೈಕಲ್ ಇದ್ದರೆ ಮಾತ್ರ ಪೋಸ್ಟರ್ ಅಂಟಿಸುವ ಕೆಲಸ. ಅದಕ್ಕಾಗಿ ಮನೆಯ ಹಾಸಿಗೆ ಬಟ್ಟೆಗಳನ್ನೇ ಅಡವಿಟ್ಟು ಸೈಕಲ್ ಬಿಡಿಸಿಕೊಂಡವನು, ಏಣಿ ಹತ್ತಿ ನಿಂತಿರುವಾಗ ಅದನ್ನು ಕಳೆದುಕೊಳ್ಳುತ್ತಾನೆ. ಮರುದಿನ ಪುಟ್ಟ ಮಗನೊಂದಿಗೆ ರೋಮ್ ನಗರದ ಸಂತೆಯಲ್ಲಿ ಹುಡುಕುವಾಗ ಒಬ್ಬ ಯಾವುದೋ ಚೌಕಟ್ಟಿಗೆ ಬಣ್ಣ ಬಳಿಯುತ್ತಿರುವುದು ಕಾಣುತ್ತದೆ. ಅನುಮಾನ ಬಂದು ಪೊಲೀಸರನ್ನು ಕರೆದು ನಂಬರ್ ನೋಡಿಸುತ್ತಾನೆ. ತಾಳೆಯಾಗುವುದಿಲ್ಲ, ಅದು ಬೇರೆ ಸೈಕಲ್. ಆದರೂ ಆ ಬಡವನಿಗೆ ತನ್ನ ಸೈಕಲ್ಲಿನ ನಂಬರ್ ಗೊತ್ತಿತ್ತು.

ಕತ್ರಿಗುಪ್ಪೆಯ ಆ ಹುಡುಗನ ತಂದೆಗೆ ಗೊತ್ತಿರಲಿಲ್ಲ. ಸ್ಕೂಟರಿಗೆ ಇರುವಂತೆ ಸೈಕಲ್ಲಿಗೆ ನೋಂದಣಿ ಇಲ್ಲ. ಹಿಂದೆ ಅನೇಕ ಪುರಸಭೆಗಳು ಸೈಕಲ್ ತೆರಿಗೆ ವಸೂಲಿ ಮಾಡಿ ಬಿಲ್ಲೆ ಕೊಡುತ್ತಿದ್ದವು, ಅಜ್ಜಂದಿರನ್ನು ಕೇಳಿದರೆ ಹೇಳುತ್ತಾರೆ. ಈಗ ಗುರುತೆಂದರೆ ಚೌಕಟ್ಟಿನ ಮೇಲೆ ಕೊರೆದ ನಂಬರ್ ಒಂದೇ. ಸಾಮಾನ್ಯವಾಗಿ ಪೆಡಲಿನ ಅಚ್ಚು ಕೂರುವ ಜಾಗದ ಅಡಿಯಲ್ಲಿ ಇರುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಮಣ್ಣು ಒರೆಸಿ ಬರೆದುಕೊಳ್ಳಬೇಕು, ಫೋಟೋ ತೆಗೆದಿಡಬೇಕು. ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಸೀಟಿನ ಕೊಳವೆಯೊಳಗೆ ಸುರುಳಿ ಸುತ್ತಿ ಇಟ್ಟರೂ ಒಳ್ಳೆಯದೇ.

ಬಿಲ್ಲನ್ನಂತೂ ಎಸೆಯಬಾರದು. 2024ರ ಜುಲೈ 1ರಿಂದ ಕಳ್ಳತನದ ಪ್ರಕರಣಗಳಿಗೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ಕಳುವಾದ ವಸ್ತುವಿನ ಬೆಲೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಾದರೆ ಅದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಹೀಗಾಗಿ ಬೆಲೆ ತೋರಿಸುವ ಕಾಗದಕ್ಕೆ ಮಹತ್ವ ಬಂದಿದೆ. ಎಫ್‌ಐಆರ್ ದಾಖಲಾದರೆ ಅದರ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು. ಮೊಬೈಲಿನಲ್ಲಿ ಪಡೆಯುವ ಇ-ಲಾಸ್ಟ್ ರಸೀದಿ ಕಳೆದುಹೋದ ವಸ್ತುಗಳಿಗೆ. ಕಳ್ಳತನಕ್ಕೆ ಅದು ಸಾಲದು, ಠಾಣೆಗೆ ಹೋಗಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಸೈಕಲ್ ಕೊಳ್ಳುವವರೂ ನಂಬರ್, ಬಿಲ್ಲು ಕೇಳಬೇಕು. ಕದ್ದ ಮಾಲೆಂದು ತಿಳಿದೂ ಕೊಂಡರೆ 317ನೇ ಕಲಂ ಇದೆ.

ಆ ಮನೆಯ ಸಂಗತಿಯಲ್ಲಿ ಕೆಟ್ಟದ್ದು ಆ ಎರಡು ದಿನದ ಮೌನ. ಟ್ಯೂಷನ್ ಎದುರಿನ ಬೇಕರಿಯಲ್ಲಿ ಕ್ಯಾಮೆರಾ ಇತ್ತು. ಅದರ ಡಿಸ್ಕ್ ತುಂಬಿದಂತೆ ಹಳೆಯ ಚಿತ್ರಗಳ ಮೇಲೆ ಹೊಸವು ಕೂರುತ್ತವೆ. ಅಪ್ಪ ಹೋಗಿ ಕೇಳುವ ಹೊತ್ತಿಗೆ ಆ ಸಂಜೆಯ ಚಿತ್ರ ಅಳಿಸಿಹೋಗಿತ್ತು. ‘ಅವತ್ತೇ ಯಾಕೆ ಹೇಳಲಿಲ್ಲ?’ ಎಂದು ಅವರು ಮಗನನ್ನು ಕೇಳಿದರು. ಹುಡುಗ ತಲೆ ತಗ್ಗಿಸಿ, ‘ಹೋದ ವರ್ಷ ನೀರಿನ ಬಾಟಲಿ ಕಳೆದಾಗಲೇ ಅಷ್ಟು ಬೈದಿದ್ರಲ್ಲಪ್ಪಾ’ ಎಂದ.